ಮಾಮನ ಮಡಿಲು, ಲೇಸರ್ ಯಂತ್ರ

ತಮಿಳುನಾಡಿನ ನಮ್ಮ ಗೂಡಲೂರಿನಿಂದ ದಿಂಡಿಗಲ್ಲಿನವರೆಗೆ ಲೇಸರ್ ಕಣ್ಣಿನ ಚಿಕಿತ್ಸೆಯ ಬಗ್ಗೆ ನನ್ನ ಸೋದರಮಾವನಷ್ಟು ತಿಳಿದವರು ಇನ್ನೊಬ್ಬರಿಲ್ಲ. ಓದಿದ್ದು ಒಂಬತ್ತನೇ ಕ್ಲಾಸು, ಬೆಳೆಯುವುದು ದ್ರಾಕ್ಷಿ. ಆದರೂ ಚಿಕಿತ್ಸೆಗೆ ಮುಂಚಿನ ಪರೀಕ್ಷೆಗಳನ್ನೆಲ್ಲ ನನಗಿಂತ ಮೊದಲು ಮಾಡಿಸಿಕೊಂಡವರು ಅವರೇ! ಕಣ್ಣು ಕಾಣದಿದ್ದವಳು ನಾನು, ಸ್ವಾಮಿ!

ನನ್ನ ಕನ್ನಡಕದ ಪವರ್ ಮೈನಸ್ ಆರೂವರೆ. ಮಾಮನ ತೋಟದ ಅರ್ಧ ಕೆಲಸ ನನ್ನದು. ದ್ರಾಕ್ಷಿ ಚಪ್ಪರದ ಕೆಳಗೆ ನಿಂತು ದಿನವಿಡೀ ತಲೆಯೆತ್ತಿ ಗೊಂಚಲು ನೋಡಬೇಕು. ಬೆವರಿಗೆ ಗಾಜು ಮಂಜಾಗುತ್ತದೆ, ಒರೆಸಿದರೆ ಕೈಯಲ್ಲಿದ್ದ ಔಷಧಿ ಅದಕ್ಕೆ ಮೆತ್ತುತ್ತದೆ. ಇಪ್ಪತ್ತನಾಲ್ಕು ತುಂಬಿತು, ಒಂದು ವರ್ಷದಿಂದ ಪವರ್ ಏರಿಲ್ಲ, ಲೇಸರ್ ಮಾಡಿಸಿಕೊಳ್ಳುತ್ತೇನೆ ಎಂದೆ. ಅಷ್ಟೇ! ಮಾರನೇ ದಿನವೇ ಮಾಮ ನಾಪತ್ತೆ. ಸಂಜೆ ಹೊತ್ತಿಗೆ ದಿಂಡಿಗಲ್ಲಿನ ಕಣ್ಣಾಸ್ಪತ್ರೆಯಿಂದ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಬಂದಿಳಿದರು.

"ಎಲ್ಲಾ ನೋಡ್ಕೊಂಡ್ ಬಂದೆ ಪಾಪಾ. ಔಷ್ದಿ ಬಿಟ್ಟಾಗ ವಸಿ ಉರಿತದೆ, ಅಷ್ಟೇ. ನೋವಿಲ್ಲ. ನೀ ಪಯಪಡ್ಬ್ಯಾಡ."

"ನಿಮಗೆ ಯಾಕೆ ಮಾಮ ಪರೀಕ್ಷೆ?"

"ಮದ್ಲು ನಾ ನೋಡ್ದೆ ನಿನ್ನ ಎಂಗೆ ಕಳ್ಸೋದು?"

ಅಲ್ಲಿನ ಡಾಕ್ಟರಮ್ಮ ಅವರಿಗೆ, ನಿಮ್ಮ ದೂರದೃಷ್ಟಿ ಹದ್ದಿನದು, ಆದರೆ ವಯಸ್ಸು ಐವತ್ತಾಯಿತು, ಓದಲು ಕನ್ನಡಕ ಬೇಕೇ ಬೇಕು, ಲೇಸರ್ ಮಾಡಿಸಿಕೊಂಡವರಿಗೂ ನಲವತ್ತು ದಾಟಿದರೆ ಅದು ತಪ್ಪುವುದಿಲ್ಲ ಎಂದರಂತೆ. ಆ ಭಾಗವನ್ನು ಮಾತ್ರ ಮಾಮ ಮನೆಯಲ್ಲಿ ಹೇಳಲಿಲ್ಲ. ನನಗೆ ಅದನ್ನು ಹೇಳಿದ್ದು ಡಾಕ್ಟರಮ್ಮನೇ.

ನನ್ನ ಪರೀಕ್ಷೆಯ ದಿನ ಮಾಮ ಒಂದು ಚೀಟಿ ಹಿಡಿದು ಕೂತಿದ್ದರು. ತಮ್ಮ ಅಕ್ಷರ ತಮಗೇ ಕಾಣದೆ ಕೈಯನ್ನು ಉದ್ದಕ್ಕೆ ಚಾಚಿ ಒಂದೊಂದೇ ಪ್ರಶ್ನೆ ಕೇಳಿದರು. ಡಾಕ್ಟರಮ್ಮ ತಾಳ್ಮೆಯಿಂದ ಉತ್ತರಿಸಿದರು: ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಎರಡು ವಾರ ಮೊದಲೇ ಬಿಡಬೇಕು, ಕಣ್ಣು ಒಣಗುತ್ತಿದೆಯೇ ನೋಡಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪದರ, ಸಾಕಷ್ಟು ದಪ್ಪ ಇರಬೇಕು. ತೆಳುವಾಗಿದ್ದರೆ ಲೇಸರ್ ಮಾಡುವುದೇ ಇಲ್ಲ.

ಮಾಮನ ಮುಖ ಸಪ್ಪಗಾಯಿತು. "ಡಾಕ್ಟರಮ್ಮ, ನಮ್ ತ್ವಾಟದ್ ಪನ್ನೀರ್ ದ್ರಾಕ್ಷಿ ಸಿಪ್ಪೆ ಅಷ್ಟಾದ್ರೂ ಇದ್ದಾತಾ?"

ಡಾಕ್ಟರಮ್ಮ ನಗು ತಡೆದುಕೊಂಡು, ಅಳತೆ ನೋಡಿ, "ಇದೆ, ಸಾಕಾಗುತ್ತೆ" ಎಂದರು. ನನಗಿಂತ ದೊಡ್ಡ ಉಸಿರು ಬಿಟ್ಟವರು ಮಾಮ. ಆಸ್ಪತ್ರೆಯ ಕಾವಲುಗಾರನಿಗೂ ವಿಷಯ ತಿಳಿಸಿಯೇ ಹೊರಟರು.

ಇನ್ನು ಚಿಕಿತ್ಸೆಯ ದಿನದ ಕಥೆ. ನಮ್ಮವರಲ್ಲಿ ಹೆಣ್ಣುಮಗುವಿಗೆ ಕಿವಿ ಚುಚ್ಚುವುದು ಸೋದರಮಾವನ ಮಡಿಲಲ್ಲಿ. ಆ ದಿನ ಮಾಮ ಸೀರು ತರಬೇಕು, ಅಂದರೆ ಹೊಸಬಟ್ಟೆ, ಹಣ್ಣು, ಹೂವು, ವೀಳ್ಯದೆಲೆ ತುಂಬಿದ ತಟ್ಟೆ. ಇದು ಮಾಮನ ಹಕ್ಕು. ಕಿವಿಗೇ ಇಷ್ಟು ಮರ್ಯಾದೆ ಇದ್ದರೆ ಕಣ್ಣಿಗೆ ಬೇಡವೇ? ದಾರಿಯ ಬತ್ತಲಗುಂಡಿನಲ್ಲಿ ವ್ಯಾನು ನಿಲ್ಲಿಸಿ ವೀಳ್ಯದೆಲೆ, ಮಲ್ಲಿಗೆ ಕೊಂಡರು. ಆಸ್ಪತ್ರೆಯ ಬಾಗಿಲಲ್ಲಿ ನನ್ನ ಜಡೆಗೆ ನಾಲ್ಕು ಮೊಳ ಮಲ್ಲಿಗೆ ಮುಡಿಸಿದರು. ಹೊಸ ಚೂಡಿದಾರಕ್ಕೆ ಅತ್ತರು ಹಚ್ಚಿದ್ದರು. ನಾನು ಬೇಡ ಬೇಡ ಎನ್ನುತ್ತಿದ್ದಂತೆಯೇ ಮದುವೆಮನೆಯ ಪನ್ನೀರುದಾನಿ ಹೊರಬಂತು. ತಲೆಯಿಂದ ಕಾಲಿನವರೆಗೆ ಪ್ರೋಕ್ಷಣೆ!

ಒಳಗೆ ಕಾಲಿಟ್ಟೆವೋ ಇಲ್ಲವೋ, ನರ್ಸ್ ಮೂಗು ಮುಚ್ಚಿಕೊಂಡು ಕೂಗಿದರು. "ಅಯ್ಯೋ, ಸೆಂಟ್ ಕೂಡಾದು ಸಾರ್, ಹಾಕಬಾರದು!"

ಇದನ್ನು ನೀವೂ ನೆನಪಿಡಿ. ಲೇಸರ್ ಕೋಣೆಗೆ ಸೆಂಟು, ಪೌಡರು, ಹೂವು, ಕಾಡಿಗೆ ಯಾವುದೂ ಬರಬಾರದು. ಸುವಾಸನೆಯ ಆವಿಗೆ ಯಂತ್ರದ ಲೆಕ್ಕ ತಪ್ಪಬಹುದಂತೆ. ಅಷ್ಟು ಪ್ರಶ್ನೆ ಕೇಳಿದ ಪಂಡಿತರು ಇದೊಂದನ್ನು ಕೇಳಿರಲಿಲ್ಲ! ನನ್ನನ್ನು ಸ್ನಾನದ ಮನೆಗೆ ಕಳುಹಿಸಿ, ಸೋಪು ಹಾಕಿ ತೊಳೆಸಿ, ಆಸ್ಪತ್ರೆಯ ನಿಲುವಂಗಿ ತೊಡಿಸಿದರು. ನನ್ನ ಸರದಿ ಮಧ್ಯಾಹ್ನಕ್ಕೆ ಹೋಯಿತು. ವಾಸನೆ ಉಳಿದರೆ ಇವತ್ತು ಇಲ್ಲವೇ ಇಲ್ಲ ಎಂದು ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದರು.

ಮಾಮ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಹೊರಗಿನ ಬೆಂಚಿನಲ್ಲಿ ಕೂತಿದ್ದರು. ಅಷ್ಟು ಸಣ್ಣವರಾಗಿ ಅವರನ್ನು ನಾನು ನೋಡಿದ್ದೇ ಇಲ್ಲ. ಕೊನೆಗೆ ನರ್ಸ್ ಬಂದು ನನ್ನ ತಲೆ ಮೂಸಿ ಸರಿ ಎಂದಾಗ ಮಾಮ ತಡೆಯಲಾರದೆ ಎದ್ದರು.

"ಸಿಸ್ಟರ್, ಕಿವಿ ಚುಚ್ಚ್ದಾಗ ನನ್ ಮಡ್ಲಾಗೇ ಕೂತಿದ್ಳು. ಈಗ್ಲೂ..."

"ಸಾರ್, ಅಲ್ಲಿ ಮಲಗಬೇಕು. ಯಂತ್ರದ ಕೆಳಗೆ ಒಬ್ಬರಿಗೇ ಜಾಗ."

ಒಳಗೆ ಎಲ್ಲ ಸೇರಿ ಹದಿನೈದು ನಿಮಿಷ. ಮರಗಟ್ಟಿಸುವ ಹನಿ, ಕಣ್ಣು ಮಿಟುಕಿಸದಂತೆ ಒಂದು ಕೊಕ್ಕೆ, ಎದುರಿಗೆ ಹಸಿರು ಚುಕ್ಕೆ. ಅದನ್ನೇ ನೋಡಿ, ಅಲುಗಬೇಡಿ ಎಂದರು. ಒಂದು ಕ್ಷಣ ಚುಕ್ಕೆ ಮಸುಕಾಗಿ ಏನೂ ಕಾಣದಾದಾಗ ಪ್ರಾಣವೇ ಬಾಯಿಗೆ ಬಂತು. ಆಗಲೇ ಹೊರಗಿನಿಂದ ಮಾಮನ ಕೆಮ್ಮು ಕೇಳಿಸಿತು. ಕಾಲಕಾಲಕ್ಕೆ ಕೆಮ್ಮುತ್ತಲೇ ಇದ್ದರು, ನಾನಿದ್ದೇನೆ ಎಂದು ತಿಳಿಸಲು. ಧೈರ್ಯ ಬಂತು.

ಕಣ್ಣು ಉಜ್ಜಬಾರದು, ವಾರದವರೆಗೆ ತಲೆಗೆ ನೀರು ಹಾಕಬಾರದು, ಕಣ್ಣಿಗೆ ಒಂದು ಹನಿ ನೀರೂ ತಾಗಬಾರದು ಎಂದು ಹೇಳಿ ಕಳುಹಿಸಿದರು. ಆ ದಿನ ವೇದಸಂದೂರಿನ ಚಿಕ್ಕಮ್ಮನ ಮನೆಯಲ್ಲಿ ಉಳಿದೆವು. ಮಾರನೇ ಬೆಳಿಗ್ಗೆ, ಶನಿವಾರವೆಂದು ನನಗೆ ಎಣ್ಣೆಸ್ನಾನ ಮಾಡಿಸಲು ಹೊರಟ ಚಿಕ್ಕಮ್ಮನನ್ನು ಮಾಮ ಬಚ್ಚಲಿನ ಬಾಗಿಲಲ್ಲೇ ತಡೆದು ಎಣ್ಣೆಬಟ್ಟಲು ಕಿತ್ತಿಟ್ಟರು.

ಅಲ್ಲಿಂದ ಆಸ್ಪತ್ರೆಗೆ ಹೋಗಿ ತಪಾಸಣೆಯಲ್ಲಿ ಕೊನೆಯ ಸಾಲಿನವರೆಗೆ ಓದಿದೆ. ಎರಡೂ ಕಣ್ಣು ಚೆನ್ನಾಗಿವೆ ಎಂದರು. ಹಗುರಾದ ಮನಸ್ಸಿನಿಂದ ರಸ್ತೆಗೆ ಬಂದೆ. ಮಾಮ ತಟ್ಟನೆ ನಿಂತರು. ದೂರದಲ್ಲಿ ಒಂದು ಬಸ್ಸು ಬರುತ್ತಿತ್ತು.

"ಪಾಪಾ, ಆ ಬಸ್ಸು ಯಾವೂರ್ಗೆ ಓಯ್ತದೆ?"

"ಬತ್ತಲಗುಂಡು, ತೇನಿ, ಕಂಬಂ, ಗೂಡಲೂರು."

ಬಸ್ಸು ದಾಟಿಹೋಯಿತು. ಮಾಮ ಅದನ್ನೇ ನೋಡುತ್ತ ಹೇಳಿದರು, "ಎಂಟು ವರ್ಸದ್ ಮಗೂಗೆ ಕಂಬಂ ಸ್ಟ್ಯಾಂಡ್‌ನಾಗೆ ಎಲ್ಲಾರ ಮುಂದೆ ಒಡ್ದೆ. ಬೋರ್ಡ್ ಓದಾಕ್ ಬರಾಕಿಲ್ವಾ ಅಂತ. ನಿಂಗೆ ಕಾಣ್ತಿರ್ಲಿಲ್ಲ. ನಂಗ್ ಗೊತ್ತಾಗ್ಲಿಲ್ಲ."

ನನಗೆ ಆ ಪೆಟ್ಟು ಮರೆತೇ ಹೋಗಿತ್ತು. ಮುಂದಿನ ವಾರವೇ ಮೊದಲ ಕನ್ನಡಕ ಕೊಡಿಸಿದವರು ಇವರೇ ಎಂಬುದಷ್ಟೇ ನೆನಪಿತ್ತು.

ಮಾಮ ಅಂಗಿಯ ಜೇಬಿಗೆ ಕೈಹಾಕಿದರು. ಸದಾ ಉಬ್ಬಿರುವ, ಅತ್ತೆಯೂ ಮುಟ್ಟುವಂತಿಲ್ಲದ ಜೇಬು ಅದು. ಅದರಿಂದ ನನ್ನ ಹಳೇ ಕನ್ನಡಕ ಹೊರಬಂತು. ಹೊಸದು ಬಂದಾಗಲೆಲ್ಲ ಹಳೆಯದನ್ನು ಬಿಸಾಡುತ್ತೇನೆಂದು ಒಯ್ಯುತ್ತಿದ್ದರಲ್ಲ, ಬಿಸಾಡಿರಲಿಲ್ಲ. ನನ್ನದು ಎಲ್ಲಾದರೂ ಒಡೆದರೆ ಇರಲಿ ಎಂದು ಹದಿನಾರು ವರ್ಷ ಎದೆಯ ಮೇಲೆ ಇಟ್ಟುಕೊಂಡು ತಿರುಗಿದ್ದರು. ಒಂದು ದಿನವೂ ಅದು ಬೇಕಾಗಿರಲಿಲ್ಲ.

"ಇನ್ನ ಈ ಕಣ್ಣಾಡಿ ಬ್ಯಾಡ ಅಲ್ವಾ ಪಾಪಾ?" ಎಂದು ಕೇಳಿದರು.

ಹೊರಗಿನ ನೀರು ಕಣ್ಣಿಗೆ ತಾಗಬಾರದು ಎಂದು ಡಾಕ್ಟರಮ್ಮ ಸಾರಿ ಸಾರಿ ಹೇಳಿದ್ದರು. ಒಳಗಿನಿಂದಲೇ ಬಂದರೆ ಏನು ಮಾಡಬೇಕು? ಮಾಮನ ಚೀಟಿಯಲ್ಲಿ ಆ ಪ್ರಶ್ನೆ ಇರಲಿಲ್ಲ. ಉಜ್ಜುವಂತಿಲ್ಲ, ಒರೆಸುವಂತಿಲ್ಲ, ಸುಮ್ಮನೆ ನಿಂತೆ.