ಬೇರೆ ಯಾರೂ ಸಿಗದಿದ್ದರೆ

ಆಶ್ರಯತಾಣದ ಗೋಡೆಯ ಮೇಲಿನ ಹಾಳೆಯಲ್ಲಿ ಹತ್ತು ಚೌಕಗಳಿದ್ದವು. ಹತ್ತೂ ಖಾಲಿ. ಶನಿವಾರ ಬೆಳಿಗ್ಗೆ ನಾಯಿಗಳನ್ನು ತಿರುಗಾಡಿಸಲು ಬರುವವರು ಅದರಲ್ಲಿ ಹೆಸರು ಬರೆಯಬೇಕಿತ್ತು. ಹೆಸರುಗಳೇನೋ ಇದ್ದವು, ಆದರೆ ಅಂಚಿನಲ್ಲಿ, ಸಾಸಿವೆಕಾಳಿನಷ್ಟು ಸಣ್ಣ ಅಕ್ಷರಗಳಲ್ಲಿ: "ಬೇರೆ ಯಾರೂ ಸಿಗದಿದ್ದರೆ, ವರ್ನ್." "ಬೇರೆ ಯಾರೂ ಸಿಗದಿದ್ದರೆ ಮಾತ್ರ, ಆರ್ಡೆಲ್." ಹೀಗೆ ಮೂವತ್ತೊಂದು ಜನ.

ಮಿನೆಸೋಟಾದ ಎಲ್ಮ್ ಫೋರ್ಕ್ ಊರಿನಲ್ಲಿ ಮರ್ಯಾದೆ ಎಂದರೆ ಇದೇ. ಚರ್ಚಿನ ಊಟದಲ್ಲಿ ತಟ್ಟೆಯಲ್ಲಿ ನಿಂಬೆ ಬಾರ್ ಎಂಬ ಸಿಹಿತಿಂಡಿಯ ಒಂದೇ ಒಂದು ತುಂಡು ಉಳಿದರೆ ಯಾರೂ ಪೂರ್ತಿ ತೆಗೆದುಕೊಳ್ಳುವುದಿಲ್ಲ. ಒಬ್ಬರು ಅರ್ಧ ಕತ್ತರಿಸಿಕೊಳ್ಳುತ್ತಾರೆ, ಇನ್ನೊಬ್ಬರು ಉಳಿದದ್ದರಲ್ಲಿ ಅರ್ಧ, ಮತ್ತೊಬ್ಬರು ಅದರಲ್ಲಿ ಅರ್ಧ. ಕೊನೆಗೆ ಉಗುರಿನಷ್ಟು ಚೂರೊಂದು ಅನಾಥವಾಗಿ ಮನೆಗೆ ಮರಳುತ್ತದೆ.

ಆದರೆ ಆಡಳಿತ ಮಂಡಳಿ ಅಂಚು ಓದುವುದಿಲ್ಲ, ಚೌಕ ಎಣಿಸುತ್ತದೆ. ನಾಯಿಗಳ ಆಶ್ರಯತಾಣದಲ್ಲಿ ಸ್ವಯಂಸೇವಕರನ್ನು ಕೂಡಿಸುವ ಕೆಲಸದಲ್ಲಿದ್ದ ಲೊವೆಲ್ ಟ್ವೇಟ್‌ನಿಗೆ ಪತ್ರ ಬಂದಿತ್ತು. ಶನಿವಾರ ಮಧ್ಯಾಹ್ನ ಅಧ್ಯಕ್ಷೆ ಖುದ್ದಾಗಿ ಬರುತ್ತಾರೆ. ಹತ್ತು ಜನ ಸ್ವಯಂಸೇವಕರಾದರೂ ಕಾಣದಿದ್ದರೆ ಅವನ ಹುದ್ದೆ ರದ್ದು.

ಲೊವೆಲ್‌ನಿಗೆ ನಲವತ್ತಾರು. ಹಿಟ್ಟಿನ ಗಿರಣಿಯಲ್ಲಿ ಹತ್ತೊಂಬತ್ತು ವರ್ಷ ದುಡಿದು ಇಲ್ಲಿಗೆ ಬಂದವನು. ಬದುಕಿನಲ್ಲಿ ಮೊದಲ ಸಲ, ಅವನು ಕೆಲಸಕ್ಕೆ ಬಂದನೆಂದು ಯಾರಾದರೂ ಬಾಲ ಅಲ್ಲಾಡಿಸುತ್ತಿದ್ದರು. ಇದನ್ನು ಕಳೆದುಕೊಳ್ಳಲು ಅವನು ತಯಾರಿರಲಿಲ್ಲ. ಶುಕ್ರವಾರ ಸಂಜೆ ಕೂತು ಅಂಚಿನಲ್ಲಿದ್ದವರಿಗೆಲ್ಲ ಫೋನ್ ಮಾಡಿದ. ಎಲ್ಲರಿಗೂ ಒಂದೇ ಮಾತು: "ನಿಮ್ಮನ್ನ ಬಿಟ್ರೆ ನಂಗೆ ಬೇರೆ ಯಾರೂ ಇಲ್ಲ."

ಶನಿವಾರ ಬೆಳಿಗ್ಗೆ ಸ್ವಾಗತದ ಮೇಜಿನ ಮಾರ್ಲಿಸ್ ಕನ್ನಡಕದ ಮೇಲಿನಿಂದ ನೋಡಿದಳು. "ಎಷ್ಟು ಜನಕ್ಕೆ ಹಾಗಂದೆ?"

"ಮೂವತ್ತೊಂದು ಜನಕ್ಕೂ. ಮೂರರಲ್ಲಿ ಒಬ್ರು ಬಂದ್ರೂ ಸಾಕು."

"ನೀನು ಈ ಊರಲ್ಲೇ ಹುಟ್ಟಿದ್ದು ತಾನೆ? ಇಲ್ಲಿ ಯಾರಾದ್ರೂ ಬಾಯಿಬಿಟ್ಟು 'ಆಗಲ್ಲ' ಅಂದದ್ದು ಕೇಳಿದೀಯಾ?"

ಎಂಟು ಗಂಟೆಗೆ ಹೊರಗೆ ಕಾರುಗಳು ಮೇಯರ್ ಸತ್ತ ದಿನದ ಹಾಗೆ ಸಾಲುಗಟ್ಟಿದ್ದವು. ಮೂವತ್ತೊಂದು ಜನವೂ ಬಂದಿದ್ದರು, ಒಳಗಿದ್ದ ಆರು ನಾಯಿಗಳಿಗಾಗಿ.

"ಏನೋ ವರ್ನ್, ನೀನೂ ಬಂದ್ಯಾ?" ಎಂದರು ಎಪ್ಪತ್ತೆಂಟರ ಆರ್ಡೆಲ್, ಕೈಯಲ್ಲಿ ನಿಂಬೆ ಬಾರ್‌ಗಳ ದೊಡ್ಡ ತಟ್ಟೆ ಹಿಡಿದು.

ಶಾಲಾ ಬಸ್ಸು ಓಡಿಸಿ ನಿವೃತ್ತನಾದ ವರ್ನ್ ಟೋಪಿ ತೆಗೆದ. "ಪಾಪ, ಲೊವೆಲ್ ಫೋನಲ್ಲಿ ಒಬ್ರೂ ಇಲ್ಲ ಅಂತ ಅಳೋ ಹಾಗಿದ್ದ."

ಮೂವತ್ತೊಂದು ತಲೆಗಳು ಲೊವೆಲ್‌ನತ್ತ ತಿರುಗಿದವು. ಯಾರೂ ಬೈಯಲಿಲ್ಲ. "ಪರವಾಗಿಲ್ಲ ಬಿಡಪ್ಪಾ" ಎಂದರು ಆರ್ಡೆಲ್. ಆ ಊರಿನಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿರಲಿಲ್ಲ.

ಕೆಲಸ ಕೊಡದಿದ್ದರೆ ಜನ ಮನೆಗೆ ಹೋಗುತ್ತಾರೆ. ಹೋದರೆ ಹುದ್ದೆಯೂ ಹೋಗುತ್ತದೆ. ಲೊವೆಲ್ ಕೆಲಸ ಹುಟ್ಟಿಸತೊಡಗಿದ.

ಹ್ಯಾರಲ್ಡ್ ಹನ್ನೊಂದು ವರ್ಷದ, ಗಿಡ್ಡಕಾಲಿನ ಬ್ಯಾಸೆಟ್ ಜಾತಿಯ ನಾಯಿ. ಹೊಟ್ಟೆ ನೆಲ ಗುಡಿಸುತ್ತಿತ್ತು. ಬಟ್ಟಲಿನಿಂದ ಕಂಬಳಿಯವರೆಗಿನ ದೂರವೇ ಅವನ ಪಾಲಿಗೆ ದೇಶಾಂತರ. ಹತ್ತು ಗಂಟೆಯೊಳಗೆ ಅವನನ್ನು ಒಂಬತ್ತು ಸಲ ಹಿಮದಲ್ಲಿ ಸುತ್ತಿಸಿದರು. ಕರೆದೊಯ್ದ ಹೆಂಗಸರೆಲ್ಲ ತಾವು ಹೆಣೆದ ಸ್ವೆಟರನ್ನು ಒಂದರ ಮೇಲೊಂದು ತೊಡಿಸಿದ್ದರಿಂದ ಅವನು ಸೋಫಾದಂತೆ ಕಾಣುತ್ತಿದ್ದ. ಹತ್ತನೇ ಸುತ್ತಿಗೆ ಅಂಗಳದ ನಡುವೆ ಮಲಗಿಬಿಟ್ಟ. ವರ್ನ್ ಹಿಮದ ಮೇಲೆ ಎಳೆಯುವ ಜಾರುಬಂಡಿ ತಂದು, ಅದರಲ್ಲಿ ಹೇರಿಕೊಂಡು, ಉಳಿದ ಸುತ್ತುಗಳನ್ನು ಎಳೆದೇ ಮುಗಿಸಿದ.

ಒಳಗೆ ಇನ್ನಷ್ಟು ಜನ ಟವೆಲ್ ಮಡಿಸುತ್ತಿದ್ದರು. ಮಡಿಸಿದ್ದನ್ನು ಲೊವೆಲ್ ಹಿಂಬಾಗಿಲಿನಿಂದ ಒಯ್ದು, ಕೊಡವಿ, ಮುದ್ದೆ ಮಾಡಿ, ಮುಂಬಾಗಿಲಿನಿಂದ ಮತ್ತೆ ತಂದು ಸುರಿಯುತ್ತಿದ್ದ.

"ಲೊವೆಲ್, ಈ ಮೂಲೆ ಹರಿದ ನೀಲಿ ಟವೆಲ್ ಇದೆಯಲ್ಲ," ಎಂದರು ಆರ್ಡೆಲ್, "ಇದನ್ನ ನಾನು ಮೂರನೇ ಸಲ ಮಡಿಸ್ತಿದೀನಿ."

"ಅದು ಸ್ವಲ್ಪ ಹಟಮಾರಿ ಟವೆಲ್ ಅಮ್ಮಾ."

"ಪರವಾಗಿಲ್ಲ ಬಿಡು."

ಆ ಕೆಲಸವೂ ಸಿಗದವರು ಗೂಡುಗಳೊಳಗೆ ನೆಲದ ಮೇಲೆ ಕೂತು ನಾಯಿಗಳನ್ನು ತೊಡೆಯ ಮೇಲಿಟ್ಟುಕೊಂಡರು. ಅನಾಹುತ ಶುರುವಾದದ್ದು ಅಲ್ಲಿ. ಮೂರು ಗಂಟೆ ಕಾಲ ಬೆಚ್ಚಗಿನ ನಾಯಿಯೊಂದು ತೊಡೆಯ ಮೇಲೆ ಗೊರಕೆ ಹೊಡೆದರೆ ಎಂಥ ಮನುಷ್ಯನೂ ಕರಗುತ್ತಾನೆ.

ಹನ್ನೊಂದಕ್ಕೆ ವರ್ನ್ ಬಂದು ನಿಂತ. "ಲೊವೆಲ್, ಆ ಕಂದು ಬಣ್ಣದ ಹೆಣ್ಣುನಾಯಿ... ಬೇರೆ ಯಾರಿಗೂ ಬೇಡ ಅಂದ್ರೆ, ನಾನು ಮನೆಗೆ ಕರ್ಕೊಂಡು ಹೋಗ್ಲಾ?"

ಲೊವೆಲ್‌ನಿಗೆ ಖುಷಿಯಾಗಬೇಕಿತ್ತು. ಆಯಿತು ಕೂಡ, ಅರೆಕ್ಷಣ. ಆಮೇಲೆ ವರ್ನ್‌ನ ಹಿಂದೆ ನಿಂತ ಸಾಲು ಕಾಣಿಸಿತು. ನಾಯಿಗಳೆಲ್ಲ ಹೋದರೆ ಇಲ್ಲಿ ಅವನಿಗೇನು ಕೆಲಸ?

"ಸ್ವಲ್ಪ ದಿನ ಯೋಚ್ನೆ ಮಾಡಿ," ಎಂದ.

"ಯೋಚ್ನೆ ಎಂಥದ್ದು? ಅರ್ಜಿ ಇಲ್ಲಿದೆ ವರ್ನ್!" ಎಂದು ಮಾರ್ಲಿಸ್ ಮೊಹರು ಎತ್ತಿಕೊಂಡಳು. ಟಪ್. ಟಪ್. ಹನ್ನೆರಡಕ್ಕೆ ಐದು ನಿಮಿಷವಿರುವಾಗ ಐದನೆಯ ಟಪ್. ಗೂಡಿನಲ್ಲಿ ಉಳಿದವನು ಹ್ಯಾರಲ್ಡ್ ಒಬ್ಬನೇ.

ಹನ್ನೆರಡಕ್ಕೆ ಸರಿಯಾಗಿ ಅಧ್ಯಕ್ಷೆ ಡೊನಾ ಪೆಟ್ರುಚಿ ಬಂದರು. ನ್ಯೂಜೆರ್ಸಿಯಿಂದ ಬಂದು ನಾಲ್ಕು ತಿಂಗಳಾಗಿತ್ತು. ಮಾತನ್ನು ಮೊಳೆ ಹೊಡೆದಂತೆ ಆಡುತ್ತಿದ್ದರು.

"ಇಪ್ಪತ್ತೊಂಬತ್ತು, ಮೂವತ್ತು, ಮೂವತ್ತೊಂದು! ಏನ್ರೀ ಇದು ಲೊವೆಲ್, ಜಾತ್ರೆ ಮಾಡಿದೀರಲ್ಲ! ನಿಮ್ಮ ಕೆಲಸಕ್ಕೇನೂ ತೊಂದ್ರೆ ಇಲ್ಲ, ಹೋಗಿ. ಎಷ್ಟು ನಾಯಿ ಇವೆ?"

"ಒಂದು."

"ಇವರ ಕೈಯಲ್ಲಿರೋವು?"

"ಅವು ಈಗ ಅವರವರ ಮನೆಯವು ಮೇಡಂ."

ಡೊನಾ ಹುಬ್ಬು ಗಂಟಿಕ್ಕಿದರು. "ಒಂದು ನಾಯಿಗೆ ಮೂವತ್ತೊಂದು ಜನವಾ? ಹೂಂ. ಗೂಡಲ್ಲಿ ಒಂದು ನಾಯಿ ಇದ್ರೂ ಇದನ್ನ ನಡೆಸ್ಲೇಬೇಕು, ನಿಯಮ ಹಾಗಿದೆ. ಒಂದೂ ಇಲ್ದಿದ್ರೆ ಚಳಿಗಾಲ ಮುಗಿಯೋ ತನಕ ಬೀಗ ಹಾಕಿ, ಹೊಸದಾಗಿ ಬರೋ ನಾಯಿಗಳನ್ನ ಪಕ್ಕದ ಊರಿಗೆ ಕಳಿಸಿಬಿಡ್ತಿದ್ವಿ. ನಿಮ್ಮ ಅದೃಷ್ಟ."

ಲೊವೆಲ್ ನಿರಾಳನಾದ. ಹ್ಯಾರಲ್ಡ್ ಎಲ್ಲಿಗೂ ಹೋಗುವವನಲ್ಲ. ಇಡೀ ಕೋಣೆಯೇ ಅವನನ್ನು ಒದ್ದೆ ಕಣ್ಣಿನಿಂದ ನೋಡುತ್ತಿತ್ತು, ನಿಜ. ಆದರೆ ಅವನು ಕೊನೆಯವನು. ಎಲ್ಮ್ ಫೋರ್ಕಿನಲ್ಲಿ ಕೊನೆಯದನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಬೇಕಾದರೆ ಅರ್ಧ ಕೇಳಿಯಾರು, ನಾಯಿಯಲ್ಲಿ ಅರ್ಧ ಕೊಡಲು ಬರುವುದಿಲ್ಲ.

"ಬಾಯಿಗೆ ಸಿಹಿ ಏನಾದ್ರೂ..." ಎಂದು ಆರ್ಡೆಲ್ ತಟ್ಟೆ ತಂದರು. ತಟ್ಟೆಯಲ್ಲಿ ಒಂದೇ ಒಂದು ನಿಂಬೆ ಬಾರ್ ಉಳಿದಿತ್ತು. ವರ್ನ್ ಅದನ್ನು ಅರ್ಧ ಮಾಡಲು ಚಾಕು ಎತ್ತಿದ.

"ಅಯ್ಯೋ, ಒಂದು ಉಳಿದಿದೆ!" ಎಂದು ಡೊನಾ ಅದನ್ನು ಎತ್ತಿ ಎರಡೇ ತುತ್ತಿಗೆ ಪೂರ್ತಿ ತಿಂದರು.

ಚಾಕು ಗಾಳಿಯಲ್ಲೇ ನಿಂತಿತು. ಯಾರೋ "ದೇವ್ರೇ" ಎಂದರು. ಲೊವೆಲ್ ಥಟ್ಟನೆ ಹ್ಯಾರಲ್ಡ್‌ನತ್ತ ತಿರುಗಿದ.

ಡೊನಾ ಬೆರಳಿನ ಸಕ್ಕರೆ ನೆಕ್ಕುತ್ತ ಹ್ಯಾರಲ್ಡ್‌ನ ಮುಂದೆ ಕೂತರು. ಹ್ಯಾರಲ್ಡ್ ಆರು ಸ್ವೆಟರುಗಳ ಒಳಗಿನಿಂದ ನಿಟ್ಟುಸಿರುಬಿಟ್ಟು ಅವರ ಬೂಟಿನ ಮೇಲೆ ಗದ್ದ ಇಟ್ಟ.

"ಇವನು ಯಾರಿಗೂ ಬೇಡ್ವಾ?"

"ಬೇರೆ ಯಾರಿಗಾದ್ರೂ ಬೇಕೇನೋ," ಎಂದು ಕೋಣೆ ಒಟ್ಟಾಗಿ ಗೊಣಗಿತು.

"ಯಾರಿಗೂ ಬೇಡ ಅಂತಾಯ್ತು. ನಂಗೆ ಬೇಕು."

ಟಪ್.

ಬೀಗ ಹಾಕುವ ಕಾಗದಕ್ಕೂ ಡೊನಾ ಅಲ್ಲೇ ಸಹಿ ಮಾಡಿದರು. ಮೂವತ್ತೊಂದು ಜನ ಬಾಗಿಲಲ್ಲಿ ಆ ಊರಿನ ರೂಢಿಯಂತೆ 'ಬರ್ತೀವಿ' ಎನ್ನುತ್ತಲೇ ಹೊರಡದೆ ನಿಂತಿದ್ದರು. ಹ್ಯಾರಲ್ಡ್‌ನನ್ನು ಕಾರಿನ ಮುಂದಿನ ಸೀಟಿಗೆ ಹತ್ತಿಸಿದ ಡೊನಾ ಗಾಜು ಇಳಿಸಿದರು.

"ಲೊವೆಲ್, ನಾನು ಬೆಳಿಗ್ಗೆ ಏಳಕ್ಕೆ ಹೊರಟ್ರೆ ಬರೋದು ಸಂಜೆ. ಇವನನ್ನ ದಿನಾ ಎರಡು ಸಲ ತಿರುಗಾಡಿಸ್ಬೇಕಲ್ಲ. ಸಂಬಳಗಿಂಬಳ ಇಲ್ಲಪ್ಪಾ, ಸೇವೆ ಅಂದ್ಕೊಳ್ಳಿ. ಹೇಗೂ ಈಗ ಬಿಡುವಾಗಿದೀರಿ. ನಿಮ್ಮನ್ನ ಬಿಟ್ರೆ ನಂಗೆ ಬೇರೆ ಯಾರೂ ಇಲ್ಲ."

ಹಿಂದೆ ಮೂವತ್ತೊಂದು ಜನ ಕಿವಿಯಾದರು. ಲೊವೆಲ್ ಬಾಯಿ ತೆರೆದ. 'ಆಗಲ್ಲ' ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂತು. ಆದರೆ ಅವನು ಆ ಊರಿನಲ್ಲೇ ಹುಟ್ಟಿದವನು.

"ಬೇರೆ ಯಾರೂ ಸಿಗದಿದ್ರೆ..." ಎಂದ.

"ಸಿಕ್ಕಿಲ್ಲ. ಸೋಮವಾರ ಏಳಕ್ಕೆ ಬನ್ನಿ," ಎಂದರು ಡೊನಾ.

ಒಳಗಿನಿಂದ ಹ್ಯಾರಲ್ಡ್ ಲೊವೆಲ್‌ನನ್ನು ನೋಡಿದ. ಮತ್ತೆ ನಡೆಯಬೇಕೆಂದು ಅರ್ಥವಾಯಿತೋ ಏನೋ, ಬಾಲ ಅಲ್ಲಾಡಿಸಲಿಲ್ಲ.