ದಾನ್ಸೊವಾ ಬಾಯಿಗೆ ಬೀಗ

ಮಾತುಗಾರ್ತಿ ಹೆಂಡತಿ ಸಿಕ್ಕರೆ ಬೇರೆ ಗಂಡಂದಿರು ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾರೆ; ಕೊಫೊರಿಡುವಾ ಊರಿನ ಅಸಿಯೆಡು ಮಾಸ್ತರರು ನಿಘಂಟು ಇಟ್ಟುಕೊಂಡಿದ್ದರು. ಜೀವಮಾನವೆಲ್ಲ ಇಂಗ್ಲಿಷ್ ಕಲಿಸಿ ನಿವೃತ್ತರಾದ ಮೇಲೆ ಅವರ ಪಾಂಡಿತ್ಯಕ್ಕೆ ಉಳಿದವಳು ಹೆಂಡತಿ ದಾನ್ಸೊವಾ ಒಬ್ಬಳೇ. ಬೆಳಿಗ್ಗೆ ಗಂಜಿ ಬಡಿಸುತ್ತ ಆಕೆ ನೆರೆಮನೆ ಮೇಕೆಯ ಬಾಣಂತನ ವರ್ಣಿಸಿದರೆ "ಲೊಕ್ವೇಷಸ್!" ಎನ್ನುವರು. ಮಧ್ಯಾಹ್ನವೂ ಮೇಕೆ ಮುಂದುವರಿದರೆ "ಗ್ಯಾರುಲಸ್!" ಸಂಜೆ ಮರಿಗಳ ನಾಮಕರಣದ ಹೊತ್ತಿಗೆ "ವರ್ಬೋಸ್!"

"ಹಂಗಂದ್ರೇನ್ರೀ?"

"ಎಲ್ಲಕ್ಕೂ ವಟವಟ ಅಂತಲೇ ಅರ್ಥ."

"ಒಂದು ಅರ್ಥಕ್ಕೆ ಮೂರು ಮಾತು ಆಡೋರು ನೀವು, ವಟವಟ ಮಾತ್ರ ನಾನಾ?"

ಮಗ ಕ್ವಾಸಿಗೆ ಹೆಣ್ಣು ಕೇಳಲು ಜಿನ್ ಮದ್ಯದ ಸೀಸೆ ಹಿಡಿದು ಹುಡುಗಿಯ ಮನೆ ಬಾಗಿಲು ತಟ್ಟುವ ಶಾಸ್ತ್ರದ ದಿನ ಬಂತು. ಅಲ್ಲಿ ಗಂಡಿನ ತಂದೆ ತುಟಿ ಬಿಚ್ಚುವಂತಿಲ್ಲ. ಮನೆಯ ಪರವಾಗಿ ಮಾತಾಡಬೇಕಿದ್ದ ಸೋದರಮಾವನಿಗೆ ಗಂಟಲು ಕಟ್ಟಿ, ಆ ಘನಕಾರ್ಯ ದಾನ್ಸೊವಾಳ ಪಾಲಿಗೆ ಬಂತು. ಮಾಸ್ತರರು ಆಕೆಯನ್ನು ಪಕ್ಕಕ್ಕೆ ಕರೆದರು.

"ನೋಡೇ, ಒಂದೇ ಮಾತು. ಇನ್ನೊಂದು ಆಡಿದ್ರೆ ಈ ಮದುವೆ ಮುರೀತು ಅಂತ್ಲೇ ತಿಳ್ಕೊ!"

"ಆಗ್ಲಿ ಬಿಡಿ," ಎಂದಳು ಆಕೆ. (ಇಷ್ಟು ಬೇಗ ಒಪ್ಪಿದ್ದಕ್ಕೇ ಮಾಸ್ತರರು ಹೆದರಬೇಕಿತ್ತು.)

ಹುಡುಗಿಯ ಮನೆಯಲ್ಲಿ ಅವಳ ಅಜ್ಜಿ ನಾನಾ ಬಿರಾಗೊ ಗಂಭೀರವಾಗಿ ಕೇಳಿದರು: "ಏನು ಬಂದ್ರಿ?"

"ಹುಡುಗಿ ಕೊಡಿ," ಎಂದು ದಾನ್ಸೊವಾ ಕೂತುಬಿಟ್ಟಳು.

ನಿಮ್ಮ ತೋಟ, ತೋಟದಲ್ಲೊಂದು ಹೂವು, ಅದರ ಪರಿಮಳ ನಮ್ಮೂರಿಗೆ ಬಂದ ಬಗೆ, ಹೀಗೆ ಗಂಟೆಗಟ್ಟಲೆ ಹೊಗಳಿಸಿಕೊಳ್ಳಲೆಂದು ಹೊಸ ಬಟ್ಟೆ ಉಟ್ಟು ಕೂತಿದ್ದ ಮನೆಮಂದಿ ಬೆಪ್ಪಾದರು.

"ಅಷ್ಟೇನಾ? ಸಂತೇಲಿ ಟೊಮೇಟೊ ಕೊಳ್ಳೋರೂ ಇದಕ್ಕಿಂತ ಜಾಸ್ತಿ ಮಾತಾಡ್ತಾರೆ! ಸೀಸೆ ಎತ್ಕೊಂಡು ನಡೀರಿ!" ಎಂದು ಅಜ್ಜಿ ಗುಡುಗಿದರು.

ಕ್ವಾಸಿಯ ಮುಖ ನೋಡಲಾಗಲಿಲ್ಲ. ಮಾಸ್ತರರು ಶಾಸ್ತ್ರ ಮರೆತು ಎದ್ದರು. "ಅಯ್ಯೋ ಅಜ್ಜಿ, ಇವಳು ಹಿಂಗಲ್ಲ! ಚಾಟರ್‌ಬಾಕ್ಸ್! ಗ್ಯಾಸ್‌ಬ್ಯಾಗ್! ಮಾತಿನ ಮಲ್ಲಿ! ನಾನೇ ಬಾಯಿ ಮುಚ್ಚಿಸಿ ಕರ್ಕೊಂಡು ಬಂದಿದ್ದು!"

"ಹೆಂಡ್ತಿ ಬಾಯಿ ಮುಚ್ಚಿಸೋ ಮನೆಗೆ ನಮ್ಮ ಹುಡುಗೀನಾ?" ಅಜ್ಜಿಯ ಕಣ್ಣು ಕೆಂಪಾಯಿತು. ಮಾಸ್ತರರು ಕೈ ಮುಗಿದರು. ಕ್ವಾಸಿ ಮೊಣಕಾಲೂರಿದ. ಅಜ್ಜಿ ಕೊನೆಗೂ ಸ್ವಲ್ಪ ಕರಗಿದರು.

"ಸರಿ. ಇವಳು ಮನಸು ತುಂಬ ಮಾತಾಡ್ಲಿ. ಮಾಸ್ತರ, ಮುಗಿಯೋ ತನಕ ನೀನು ಉಸಿರೆತ್ತಕೂಡದು. ಎತ್ತಿದೆಯೋ, ಮತ್ತೆ ಮೊದಲಿಂದ. ಹೇಳಮ್ಮ."

ದಾನ್ಸೊವಾ ಸೆರಗು ಸರಿಮಾಡಿಕೊಂಡಳು. "ಇವರು ನನ್ನ ಕೇಳೋಕೆ ನಮ್ಮನೆ ಬಾಗಿಲು ತಟ್ಟಿದ ದಿನದಿಂದ ಹೇಳ್ತೀನಜ್ಜಿ. ಪಾಪ, ಹೆದರ್ಕೊಂಡು ನಮ್ಮ ಕೋಳಿಗೂಡಲ್ಲಿ ಹೊಕ್ಕಂಡು..."

"ಅದೊಂದು ಬೇಡ ಕಣೇ!"

ಅಜ್ಜಿ ಕುರ್ಚಿ ಹತ್ತಿರ ಎಳೆದುಕೊಂಡರು.

"ಮೊದಲಿಂದ ಹೇಳಮ್ಮ."