ಹನ್ನೆರಡು ವರರೂ ನಾನೇ

ವೆಬ್‌ಸೈಟ್ ಕ್ಲೋನ್ ಮಾಡುವುದೆಂದರೆ ಏನು ಮಹಾ! ಒಂದು ಸೈಟನ್ನು ಇದ್ದ ಹಾಗೇ ಎತ್ತಿ ಇನ್ನೊಂದು ಕಡೆ ಇಡುವುದು. ರಾಂಜಣಗಾಂವದ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಸ್ಟೋರ್ಸ್ ನೋಡಿಕೊಳ್ಳುತ್ತಿರುವವನು ನಾನು. ಸಾಮಾನು ಅತ್ತಿಂದಿತ್ತ ಸಾಗಿಸುವುದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ ಎಂದು ನಮ್ಮ ಕನ್ನಡ ಮಂಡಳದ ಸಭೆಯಲ್ಲಿ ಎದ್ದು ನಿಂತು ಘೋಷಿಸಿದೆ. ಅಲ್ಲಿಗೆ ಪುಣೆಯ ಕನ್ನಡ ಕನ್ಯೆಯರ ಭವಿಷ್ಯ ನನ್ನ ಕೈಗೆ ಬಂತು.

ಮಂಡಳದ್ದೊಂದು ವಧು-ವರರ ವೆಬ್‌ಸೈಟ್ ಇದೆ. ಧಾರವಾಡ, ಬೆಳಗಾವಿ ಕಡೆಯಿಂದ ಬಂದು ಇಲ್ಲಿ ನೆಲೆಸಿದವರ ಮಕ್ಕಳು ಅದರಲ್ಲಿ ಹೆಸರು ಹಾಕುತ್ತಾರೆ. ಗೋತ್ರ, ನಕ್ಷತ್ರ, ನೌಕರಿ, ಫೋಟೊ, ಕೊನೆಗೆ 'ಅಪೇಕ್ಷೆ'. ಯಾರದಾದರೂ ಲಗ್ನ ಕೂಡಿತೆಂದರೆ ಅವರ ಪುಟ ತೆಗೆದುಬಿಡುವುದು ರೂಢಿ. ಸೈಟಿನ ಮುಖ ಹಳತಾಗಿತ್ತು, ಹೊಸ ಅಲಂಕಾರ ಬೇಕೆಂದರು. ಅಸಲಿ ಸೈಟನ್ನು ನೇರವಾಗಿ ಕೆದಕಬಾರದು. ಅದಕ್ಕೇ ಅದರದೊಂದು ಪ್ರತಿ ಮಾಡಿ, 'ತಾಲೀಮು ಸೈಟ್' ಎಂದು ಹೆಸರಿಟ್ಟು, ಮನೆಯಲ್ಲಿ ಕೂತು ಬಣ್ಣ ಬಳಿಯತೊಡಗಿದೆ. ತಾಲೀಮಿನಲ್ಲಿ ಪರರ ಮನೆಯ ಹೆಣ್ಣುಮಕ್ಕಳ ಫೋಟೊ ಇಟ್ಟುಕೊಂಡು ಕೂಡುವುದು ಸಭ್ಯತೆಯಲ್ಲವೆಂದು ಎಲ್ಲರನ್ನೂ ಅಳಿಸಿ, ನಮೂನೆಗೆ ನನ್ನದೇ ಪುಟ ಹಾಕಿದೆ. ಫೋಟೊ, ಫೋನ್ ನಂಬರ್ ಸಹಿತ. ಅಪೇಕ್ಷೆ: 'ರೊಟ್ಟಿ ತೆಳ್ಳಗೆ ಬಡಿಯುವ, ಮಾತು ಕಡಿಮೆ ಇರುವ ಕನ್ಯೆ.' ಒಂದೇ ಪುಟ ಬೋಳುಬೋಳಾಗಿ ಕಂಡಿತು. ಅದನ್ನೇ ಹನ್ನೆರಡು ಮಾಡಿದೆ.

ಅಷ್ಟರಲ್ಲಿ ನಮ್ಮ ಮನೆಯದೇ ಒಂದು ವಿಷಯ ಸೈಟಿನೊಳಗೆ ಸೇರಿಕೊಂಡಿತು. ನನ್ನ ಹೆಂಡತಿ ವಿಜಯಾಳ ತಂಗಿ ಸುಧಾ ನಮ್ಮ ಜೊತೆಯೇ ಇರುತ್ತಾಳೆ. ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಮೂವತ್ತಾರು ವಯಸ್ಸು. ಲಗ್ನದ ಮಾತು ತೆಗೆದರೆ ಎದ್ದು ಹೋಗುತ್ತಿದ್ದವಳು, ಅದೇನು ಮನಸ್ಸು ಬಂತೋ, ತಾನಾಗಿಯೇ ಅಸಲಿ ಸೈಟಿನಲ್ಲಿ ಹೆಸರು ಹಾಕಿದಳು. ವಾರದೊಳಗೆ ದೌಂಡದಿಂದ ಒಬ್ಬ ಎಸ್. ಕುಲಕರ್ಣಿಯವರ ಪತ್ರ ಆ ಸೈಟಿನಲ್ಲೇ ಬಂತು. ರೈಲ್ವೆಯಲ್ಲಿ ನೌಕರಿ. 'ಗಾಡಿ ತಡ ಆಗ್ಯಾವ ಅಂತ ಮಂದಿಗೆ ಹೇಳೋದು ನನ್ನ ಕೆಲಸ. ನಾನೂ ತಡಾ ಮಾಡೇ ಬಂದೀನಿ, ಸಿಟ್ಟಾಗಬ್ಯಾಡ್ರಿ' ಎಂದು ಬರೆದಿದ್ದರು. ಸುಧಾ ಓದಿ ನಕ್ಕಳು. ಆ ನಗು ಕೇಳಿ ವಿಜಯಾ ಹಿಟ್ಟಿನ ಕೈಯಲ್ಲೇ ಅಡಿಗೆಮನೆಯಿಂದ ಹೊರಗೆ ಬಂದು ನಿಂತಳು.

ಸುಧಾ ಅಂದೇ ಉತ್ತರ ಬರೆಯಲು ಕೂತಿದ್ದಳು. ತಡೆದವನು ನಾನು! "ನಾಕ ದಿನ ತಡೀವಾ, ಹೊಸಾ ಸೈಟ್ ಆಗಲಿ. ಅದರಾಗ ಬರೀ, ಚಂದ ಕಾಣ್ತದ," ಎಂದೆ. ಅವಳು ಕೇಳಿದಳು. ಈ ಮನೆಯಲ್ಲಿ ನನ್ನ ಮಾತನ್ನು ಯಾರಾದರೂ ಕೇಳಿದ್ದು ಅದೇ ಮೊದಲು, ಅದೇ ಕೊನೆ.

ಅಧ್ಯಕ್ಷ ದೇಶಪಾಂಡೆಯವರು ಪಂಚಾಂಗ ನೋಡಿ ಭಾನುವಾರ ಬೆಳಿಗ್ಗೆ ಎಂಟು ನಿಮಿಷದ ಮುಹೂರ್ತ ತೆಗೆದರು. ಲಗ್ನಗಳ ಸೈಟು, ಹೊತ್ತಲ್ಲದ ಹೊತ್ತಿನಲ್ಲಿ ಶುರು ಮಾಡಲಾಗದು. ಸಭಾಗೃಹದಲ್ಲಿ ರಂಗೋಲಿ, ಮಣೆ, ಮಣೆಯ ಮೇಲೆ ನನ್ನ ಲ್ಯಾಪ್‌ಟಾಪು. ಪೂಜೆಗೆ ಬಂದ ದೇಶಪಾಂಡೆಯವರ ಪತ್ನಿ ನಳಿನಿಕಾಕು ತೆರೆದಿಟ್ಟ ಲ್ಯಾಪ್‌ಟಾಪಿನ ಹಣೆ ಯಾವುದೆಂದು ಕ್ಷಣ ಯೋಚಿಸಿ, ಪರದೆಯ ನಟ್ಟನಡುವೆ ಒದ್ದೆ ಕುಂಕುಮವನ್ನು ರೂಪಾಯಿಯಗಲ ಹಚ್ಚಿಬಿಟ್ಟರು.

ಪರದೆಯ ಮೇಲೆ ಆಗಲೇ 'ತಾಲೀಮಿನಿಂದ ಅಸಲಿಗೆ' ಎಂಬ ಕಿಟಕಿ ತೆರೆದಿತ್ತು. ಕಳಿಸಬೇಕಾದದ್ದು ಅಲಂಕಾರ ಮಾತ್ರ. 'ಒಳಗಿನ ಮಾಹಿತಿಯನ್ನೂ ಬದಲಿಸು' ಎಂಬ ಸಾಲಿನ ಮುಂದಿನ ಟಿಕ್ಕನ್ನು ತೆಗೆಯಬೇಕು. ಆ ಸಾಲು ಸರಿಯಾಗಿ ಕುಂಕುಮದ ಕೆಳಗೆ ಬಂದಿತ್ತು. ಕರವಸ್ತ್ರ ತೆಗೆದೆ. ಮುಂದಿನ ಸಾಲಿನ ಹೆಂಗಸರೆಲ್ಲ ಒಟ್ಟಿಗೆ ಉಸಿರೆಳೆದುಕೊಂಡರು.

"ಕುಂಕುಮ ಒರಸಬ್ಯಾಡ್ರಿ," ಎಂದರು ನಳಿನಿಕಾಕು. "ಲಗ್ನದ ವಿಷಯ ಅದ."

ಇತ್ತ ದೇಶಪಾಂಡೆಯವರು ಗಡಿಯಾರ ಹಿಡಿದು ಇನ್ನು ಎರಡೇ ನಿಮಿಷ ಎನ್ನುತ್ತಿದ್ದರು. ಮನೆಯಲ್ಲೇ ಟಿಕ್ಕು ತೆಗೆದಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡು, ಕುಲದೇವರನ್ನು ನೆನೆದು ಗುಂಡಿ ಒತ್ತಿದೆ. ಗಂಟೆ ಬಾರಿಸಿದರು. ಕಾಯಿ ಒಡೆದರು. ಟಿಕ್ಕು ತೆಗೆದಿರಲಿಲ್ಲ!

ಗೋಡೆಯ ದೊಡ್ಡ ಪರದೆಯ ಮೇಲೆ ಹೊಸ ಸೈಟು ಮೂಡಿತು. ಅಲಂಕಾರವೇನೋ ಸೊಗಸಾಗಿತ್ತು. ವರರ ವಿಭಾಗದಲ್ಲಿ ಹನ್ನೆರಡು ಜನ. ಹನ್ನೆರಡೂ ನಾನೇ. ವಧುಗಳ ವಿಭಾಗದಲ್ಲಿ ಯಾರೂ ಇಲ್ಲ. ವಿಜಯಾ ಕನ್ನಡಕ ಹಾಕಿಕೊಂಡು ನನ್ನ ಅಪೇಕ್ಷೆಯನ್ನು ಮೊದಲಿಂದ ಕೊನೆಯತನಕ ಗಟ್ಟಿಯಾಗಿ ಓದಿದಳು. ಅಂದಿನಿಂದ ನಮ್ಮ ಮನೆಯಲ್ಲಿ ರೊಟ್ಟಿ ದಪ್ಪ, ಮಾತು ಕಡಿಮೆ.

ಬ್ಯಾಕಪ್ ಇರಬೇಕಲ್ಲ ಎಂದು ದೇಶಪಾಂಡೆಯವರು ಕೇಳಿದರು. ಇತ್ತು. ನಾನೇನು ಅಷ್ಟು ದಡ್ಡನೇ? ಸೈಟು ಬದಲಾದ ಕೂಡಲೇ ಹಳೆಯ ಬ್ಯಾಕಪ್ಪಿನ ಮೇಲೆ ಹೊಸದು ತಾನಾಗಿಯೇ ಬರೆದುಕೊಳ್ಳುವಂತೆ ಏರ್ಪಾಡು ಮಾಡಿದ್ದೆ. ಅದರಲ್ಲೂ ನಾವು ಹನ್ನೆರಡು ಜನ ಕ್ಷೇಮವಾಗಿದ್ದೆವು.

ಹನ್ನೊಂದು ಪುಟ ಅಳಿಸಿದೆ. ಹನ್ನೆರಡನೆಯದನ್ನು ವಿಜಯಾ ಅಳಿಸಗೊಡಲಿಲ್ಲ. ಮಾಹಿತಿ ಕಳಕೊಂಡವರಿಗೆ ಯಾರನ್ನು ಹಿಡಿಯಬೇಕೆಂದು ಗೊತ್ತಾಗಲಿ ಎಂದಳು. ಮುಂದಿನ ಮೂರು ವಾರ ಗುರುತಿನವರಿಂದ ನಂಬರ್ ಕೇಳಿ ತಗೊಂಡು, ಕಂಪನಿ ಬಸ್ಸಿನಲ್ಲಿ ಹೋಗುತ್ತ ಬರುತ್ತ ಫೋನು ಹಚ್ಚಿ, ಬೈಸಿಕೊಂಡು, ಒಂದೊಂದೇ ಪುಟವನ್ನು ಮತ್ತೆ ಬರೆದೆ. ಹುಡುಗಿಯರೆಲ್ಲ ಮರಳಿ ಬಂದರು. ಸುಧಾ ಮಾತ್ರ ಬೇಡವೆಂದಳು. ಒಮ್ಮೆ ಹೆಸರು ಹಾಕಲು ಧೈರ್ಯ ಒಟ್ಟುಮಾಡಿಕೊಳ್ಳುವುದಕ್ಕೇ ತನಗೆ ಹತ್ತು ವರ್ಷ ಹಿಡಿದಿತ್ತು ಎಂದಳು. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಉತ್ತರದ ಕರಡು ಬರೆದಿಟ್ಟ ಹಾಳೆ ಟೇಬಲ್ಲಿನ ಗಾಜಿನ ಕೆಳಗೆ ಹಾಗೇ ಇತ್ತು.

ಕುಲಕರ್ಣಿಯವರ ಪುಟವೂ ಹೋಗಿತ್ತು. ವಿಳಾಸವಿಲ್ಲ, ಫೋನಿಲ್ಲ, ಮಂಡಳದಲ್ಲಿ ಗುರುತಿನವರೂ ಇಲ್ಲ. ಒಂದು ದಿನ ರಜೆ ಹಾಕಿ ದೌಂಡಕ್ಕೇ ಹೋದೆ. ಸ್ಟೇಶನ್ನಿನಲ್ಲಿ ಕಂಡಕಂಡವರನ್ನು ಮರಾಠಿಯಲ್ಲಿ ವಿಚಾರಿಸಿದೆ. ಪುಣ್ಯವಂತರು, ಒಬ್ಬರ ಹಿಂದೊಬ್ಬರಂತೆ ಮೂವರು ಕುಲಕರ್ಣಿಗಳನ್ನು ಕರೆತಂದು ನಿಲ್ಲಿಸಿದರು. ಇಬ್ಬರಿಗೆ ಮೊಮ್ಮಕ್ಕಳಿದ್ದರು. ಮೂರನೆಯವರಿಗೆ ಕನ್ನಡವೇ ಬರುತ್ತಿರಲಿಲ್ಲ. ಚಹಾ ಕುಡಿದು ವಾಪಸು ಬಂದೆ.

ಎರಡು ತಿಂಗಳಾದ ಮೇಲೆ ಒಂದು ಭಾನುವಾರ, ಮೂವರೂ ಅವಲಕ್ಕಿ ತಿನ್ನುತ್ತಿರುವಾಗ ಫೋನು ಬಂತು. "ನಮಸ್ಕಾರ್ರಿ, ನಾ ದೌಂಡದಿಂದ ಕುಲಕರ್ಣಿ ಮಾತಾಡ್ಲಿಕತ್ತೀನಿ. ಸೈಟಿನಾಗ ನಿಮ್ಮ ನಂಬರ್ ಸಿಕ್ತು."

ಎಲ್ಲರೂ ಕೇಳಲೆಂದು ಸ್ಪೀಕರ್ ಹಾಕಿದೆ. ಸುಧಾ ಚಮಚ ಕೆಳಗಿಟ್ಟಳು.

"ಎಲ್ಲಾ ಹುಡುಗ್ಯಾರ ಪುಟ ಅದಾವ, ಸುಧಾ ಅವರದೊಂದ ತೆಗೆದೀರಿ," ಎಂದಿತು ದನಿ. "ಅವರ ಲಗ್ನ ಕೂಡ್ತು ಅಂತ ತಿಳಕೊಂಡೆ. ಭಾಳ ಛಲೋ ಆತು, ನನ್ನ ಶುಭಾಶಯ ಹೇಳ್ರಿ. ನಂದೂ ಮೊನ್ನೆ ಸೊಲ್ಲಾಪುರದಾಗ ಕೂಡೇದ. ನನ್ನ ಪುಟಾನೂ ತೆಗೆದುಬಿಡ್ರಿ."

ಹೇಳಬೇಕಾದದ್ದು ನೂರಿತ್ತು. ಲಗ್ನ ಕೂಡಿದ ಮನುಷ್ಯನಿಗೆ ಏನೆಂದು ಹೇಳಲಿ? "ತೆಗೆದದ್ದು ಆಗೇದ್ರಿ," ಎಂದೆ.

"ಇಷ್ಟ ಲಗೂನ? ಭಾಳ ಚುರುಕ ಅದೀರಿ," ಎಂದು ಹೊಗಳಿ ಅವರು ಫೋನಿಟ್ಟರು.

ವಿಜಯಾ ಗೋಡೆ ನೋಡುತ್ತಿದ್ದಳು. ಸುಧಾ ತಟ್ಟೆಯಲ್ಲಿದ್ದ ಅವಲಕ್ಕಿಯನ್ನು ಕೊನೆಯ ಕಾಳಿನವರೆಗೆ ಮುಗಿಸಿ, ಎದ್ದು, ಟೇಬಲ್ಲಿನ ಗಾಜೆತ್ತಿ ಆ ಹಾಳೆ ತೆಗೆದು ನಾಲ್ಕು ಮಡಿಕೆ ಮಾಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಹನ್ನೆರಡು ಮಂದಿ ಇದ್ರಿ, ಭಾವಾ," ಎಂದಳು. "ಒಬ್ಬರಾದ್ರೂ ಓದಿ ಒತ್ತಬಾರದಾಗಿತ್ತೇನ್ರಿ?"

ಆ ಹನ್ನೆರಡು ಜನ ಪರದೆಯೊಳಗೆ ಸುಮ್ಮನೆ ಕೂತಿದ್ದರು, ಪಾಪ. ಒತ್ತಿದವನು ಹೊರಗೆ ಮಣೆಯ ಮುಂದೆ ಕೂತಿದ್ದ ಹದಿಮೂರನೆಯ ಹೆಡ್ಡ.